ಎರಡು ಪಾಯಿಂಟ್ ಎಂಟರ ಲೆನ್ಸು

ತಪ್ಪು ತನ್ನದೆಂದು ಗೊತ್ತಾಗುವ ತನಕ ಅದನ್ನು ಸಾಮಾನುಗಳ ಮೇಲೆ ಹೊರಿಸುವ ಸೌಲಭ್ಯ ಮನುಷ್ಯನಿಗಿದೆ. ಅನ್ನ ತಳ ಹಿಡಿದರೆ ಪಾತ್ರೆ ತೆಳುವು, ಅಕ್ಷರ ಸೊಟ್ಟಾದರೆ ಪೆನ್ನು ಕೆಟ್ಟದ್ದು. ನಾನು ಹನ್ನೆರಡು ವರ್ಷ ನನ್ನ ಕ್ಯಾಮೆರಾದ ಲೆನ್ಸನ್ನು ಬೈದುಕೊಂಡು ಬಂದವನು.

ನನ್ನ ತಮ್ಮ ಶಿವಪ್ಪ ನಮ್ಮೂರು ಯಂಕಂಚಿಯಲ್ಲಿ ಹಗಲು ಹೊಲ, ಸಂಜೆ ನಾಟಕದ ತಾಲೀಮು ಎಂದು ಬದುಕಿದವನು. ಪ್ರತಿ ವರ್ಷ ಅದೇ ನಾಟಕ, ಅವನಿಗೆ ಅದೇ ಪಾತ್ರ: ಮನೆ ಬಿಟ್ಟು ಹೋಗಿ ತಿರುಗಿ ಬಂದ ಮಗಳ ಕೈ ಹಿಡಿದು, ಮಾತೇ ಆಡದೆ ಅಳುವ ತಂದೆ. ಆಗ ದೀಪಗಳನ್ನೆಲ್ಲ ಆರಿಸಿ ಒಂದೇ ನೀಲಿ ಬಲ್ಬು ಉಳಿಸುತ್ತಿದ್ದರು. ಶೇಂಗಾ ಸುಲಿಯುತ್ತಿದ್ದವರ ಕೈ ಕೂಡ ನಿಂತುಬಿಡುತ್ತಿತ್ತು. "ಅಣ್ಣಾ, ಆ ಅಳೂದರದು ಒಂದ ಒಂದು ಫೋಟೋ ತಗಿಯೋ" ಎಂದು ಅವನು ಕೇಳುತ್ತಲೇ ಇದ್ದ. ನಾನು ತೆಗೆಯುತ್ತಲೇ ಇದ್ದೆ. ಎಲ್ಲ ಮಸುಕು. ಸ್ಪಷ್ಟವಾಗಿ ಬಂದವು ಆಯೇರಿಯ, ಅಂದರೆ ಉಡುಗೊರೆ ಕೊಡುವ ಹೊತ್ತಿನ, ಫೋಟೋಗಳು ಮಾತ್ರ. ನಮ್ಮ ಕಡೆ ಮೆಚ್ಚಿದವರು ನಾಟಕದ ನಡುವೆಯೇ ವೇದಿಕೆ ಹತ್ತಿ ನಟನಿಗೆ ಶಾಲು ಹೊದಿಸುತ್ತಾರೆ. ಎಲ್ಲ ದೀಪ ಹಚ್ಚುತ್ತಾರೆ. ಅಳುತ್ತಿದ್ದ ತಂದೆ ಕಣ್ಣೊರೆಸಿಕೊಂಡು ನಕ್ಕು ನಿಲ್ಲುತ್ತಾನೆ. ಫೋಟೋ ಆದ ಮೇಲೆ ಬಿಟ್ಟಲ್ಲಿಂದ ಮತ್ತೆ ಅಳುತ್ತಾನೆ. ಹೋದ ವರ್ಷ ಎದೆನೋವು ಬಂದು ತಮ್ಮ ತೀರಿಕೊಂಡಾಗ ಹಾರ ಹಾಕಲು ಸಿಕ್ಕಿದ್ದು ಅಂಥದ್ದೇ ಒಂದು. ಶಾಲು ಹೊದಿಸಿದವರ ಮೊಣಕೈ ಅದರಲ್ಲಿ ಇನ್ನೂ ಇದೆ.

ಈ ವರ್ಷ ಆ ಮಗಳ ಪಾತ್ರ ತಾನೇ ಮಾಡುತ್ತೇನೆಂದು ತಮ್ಮನ ಮಗಳು ಭಾರತಿ ಹಟ ಹಿಡಿದಳು. ತಂದೆಯ ಪಾತ್ರ ತಮ್ಮನ ಗೆಳೆಯನಿಗೆ ಬಂತು. ಈ ಸಲವಾದರೂ ಆ ದೃಶ್ಯ ಸಿಗಲೇಬೇಕೆಂದು ನಾನು ಲೆನ್ಸು ಹುಡುಕಹೊರಟೆ. ಮಬ್ಬು ಬೆಳಕಿನ ಲೆನ್ಸಿನ ಲೆಕ್ಕ ವಿಚಿತ್ರ: ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು, ಬೆಲೆಯೂ ಹೆಚ್ಚು. ನನ್ನದು, ದೂರದ್ದನ್ನು ಹತ್ತಿರ ಎಳೆದಷ್ಟೂ ಕಣ್ಣು ಕಿರಿದು ಮಾಡುವ ಜಾತಿ. ಎಷ್ಟು ಎಳೆದರೂ ಎರಡು ಪಾಯಿಂಟ್ ಎಂಟರಲ್ಲೇ ನಿಲ್ಲುವುದು ಬೇಕು. ಹೊಸದು ನನ್ನಂಥ ಸಾಲಿ ಮಾಸ್ತರನ ಕೈಗೆ ಎಟುಕುವುದಲ್ಲ. ಇಂಡಿ ಊರಿನ ಸ್ಟುಡಿಯೋದವರೊಬ್ಬರು ಬಳಸಿದ್ದೊಂದನ್ನು ಮಾರುತ್ತಾರೆಂದು ತಿಳಿದು, ಕ್ಯಾಮೆರಾ, ಹಳೆಯ ಫೋಟೋಗಳನ್ನು ಹಿಡಿದು ಹೋದೆ. ಲೆನ್ಸು ತುಂಬಿದ ತಂಬಿಗೆಯಷ್ಟು ಭಾರ. ಅದನ್ನು ಕ್ಯಾಮೆರಾಕ್ಕೆ ಹಾಕಿ ಕಣ್ಣಿಟ್ಟರೆ ಕತ್ತಲ ಮೂಲೆಯ ಕ್ಯಾಲೆಂಡರಿನ ತಿಥಿ ಓದಲು ಬಂತು. ನಾನು ಪಂಚಮಿ, ಷಷ್ಠಿ ಎಂದು ಬೆರಗಿನಿಂದ ಓದುತ್ತ ನಿಂತೆ.

ಸ್ಟುಡಿಯೋದವರು ಅಷ್ಟರಲ್ಲಿ ನನ್ನ ಫೋಟೋಗಳನ್ನು ನೋಡಿ ಮುಗಿಸಿದ್ದರು. "ಸರ, ತಪ್ಪು ಬರೀ ಲೆನ್ಸಿಂದಲ್ಲರಿ. ಬೆಳಕು ಕಡಿಮಿ ಆದ್ರ ಅಳ್ಳಾಡೋ ಮನಷ್ಯಾ ಮಸಕ ಆಗ್ತಾನ. ಇದರಾಗ ಕಂಬಾನೂ ಮಸಕ ಐತಿ. ಕಂಬ ಅಳ್ಳಾಡತೈತೇನ್ರಿ? ನಿಮ್ಮ ಕೈ ನಡಗ್ಯಾವ."

ನಾನು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದೆ.

"ಅಳೂ ಸೀನಿನ್ಯಾಗ ನೀವೂ ಅಳ್ತಿದ್ರೇನ್ರಿ?"

ನಾನು ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದೆ. ನಡುಕ ತಡೆಯುವ ಲೆನ್ಸೂ ಇದೆ, ಆದರೆ ಬೆಲೆ ಇದರ ಎರಡರಷ್ಟು ಎಂದು ಅವರೇ ಹೇಳಿದರು. ಈ ಲೆನ್ಸಿನ ಜೊತೆಗೆ, ಕ್ಯಾಮೆರಾ ಅಲುಗದಂತೆ ನಿಲ್ಲಿಸಲು, ಒಂದು ಟ್ರೈಪಾಡನ್ನೂ ಕೊಂಡು ತಂದೆ.

ಮರುದಿನ ಸಂಜೆ ತಾಲೀಮಿನಲ್ಲಿ ನೀಲಿ ಬಲ್ಬು ಹತ್ತಿತು. ತಂದೆಯ ಪಾತ್ರದ ಗೆಳೆಯ ಭಾರತಿಯ ಕೈ ಹಿಡಿದ. ನಾಟಕದ ಪುಸ್ತಕದ ಪ್ರಕಾರ ಅವಳು 'ಅಪ್ಪಾ' ಎಂದು ಕೂಗಿ ಕಾಲಿಗೆ ಬೀಳಬೇಕು. ಕೂಗಲಿಲ್ಲ. ಆ ಕೈಯನ್ನು ತಿರುಗಿಸಿ, ಅಂಗೈಯ ದಡ್ಡುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು. ನಾಟಕ ಕಲಿಸುವವರು ಮೆಲ್ಲಗೆ ಪುಸ್ತಕ ಮುಚ್ಚಿದರು. ಇದನ್ನು ಅವಳಿಗೆ ಯಾರು ಕಲಿಸಿದರೋ ತಿಳಿಯದು.

ಆಗ ನಾನು ತೆಗೆದ ಫೋಟೋದಲ್ಲಿ ಬೆಳಕು ಎಷ್ಟು ಚೆಂದ ಬಂದಿತ್ತೆಂದರೆ, ಮಸುಕು ಸಹ ಚೆನ್ನಾಗಿ ಕಾಣುತ್ತಿತ್ತು.

"ದೊಡ್ಡಪ್ಪಾ, ಟ್ರೈಪಾಡ್ ಕ್ಯಾಮೆರಾಕ್ಕ ತಂದೀಯೋ, ನಿನಗೋ?" ಎಂದಳು ಭಾರತಿ. "ಎರಡೂ ಕೈಲೆ ಅದನ್ನ ಅವಚಿಕೊಂಡು ನಿಂತಿದ್ದಿ. ಆಟದ ದಿನ ಟೈಮರ್ ಹಚ್ಚಿ, ಗುಂಡಿ ಒತ್ತಿ, ಎರಡು ಹೆಜ್ಜಿ ಹಿಂದ ಸರದು ನಿಂದ್ರು."

ಈ ಸಲದ ಆಟ ದೇವಣಗಾಂವ ಊರಿನಲ್ಲಿ; ಅದಕ್ಕೆ ಇನ್ನು ಎಂಟು ದಿನ. ಉಳಿದವರಿಗೆಲ್ಲ ಪಾತ್ರ ಬಾಯಿಪಾಠವಾಗಿದೆ. ತಾಲೀಮು ಬಾಕಿ ಇರುವುದು ನನಗೊಬ್ಬನಿಗೆ. ದಿನವೂ ಪಡಸಾಲೆಯಲ್ಲಿ ಟ್ರೈಪಾಡ್ ನಿಲ್ಲಿಸಿ, ಗುಂಡಿ ಒತ್ತಿ, ಕೈ ಬಿಡುತ್ತೇನೆ. ನಿನ್ನೆ ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ.