ಲೋಕ ಉಳಿದರೆ ಕೋಟು

ಕುಂಞಿ ಮೋನು: ಆದಿತ್ಯವಾರ ಲೋಕವೇ ಮುಳುಗುದಾದರೆ ನಿಮಗೆ ಕೋಟು ಎಂತಕ್ಕೆ ಮಾಷ್ಟ್ರೇ?

ಕಡಬ ಪೇಟೆಯ ದರ್ಜಿ ಹೊಲಿಗೆ ಮೆಶಿನಿನ ಹಿಂದಿನಿಂದ ಇಷ್ಟು ಕೇಳಿದ್ದೇ ತಡ, ಶಾಲೆಯ ಮಹೇಶ್ವರ ಮಾಸ್ತರರಿಗೆ ಪಿತ್ತ ನೆತ್ತಿಗೇರಿತು. ಬಟ್ಟೆ ಕೊಟ್ಟದ್ದು ದೀಪಾವಳಿಗೂ ಮೊದಲು; ಈಗ ಅರವತ್ತೆರಡನೇ ಇಸವಿಯ ಫೆಬ್ರವರಿ. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರಿ ಪ್ರಳಯವಾಗುತ್ತದೆಂದು ಊರಿಗೆ ಊರೇ ನಡುಗುತ್ತಿದ್ದರೆ, ಈ ಮಹಾನುಭಾವನಿಗೆ ಅದೊಂದು ಹೊಸ ನೆಪ!

ಮಾಸ್ತರು: ಸೋಮವಾರ ಸುಳ್ಯಕ್ಕೆ ಹೆಣ್ಣು ನೋಡ್ಲಿಕ್ಕೆ ಹೋಗ್ಲಿಕ್ಕುಂಟು ಮಾರಾಯ. 'ಲೋಕ ಉಳಿದಲ್ಲಿ ಸೋಮವಾರ ಬರುವುದು' ಅಂತ ಹುಡುಗಿಯ ಅಪ್ಪ ಕಾರ್ಡು ಹಾಕಿದ್ದಾರೆ.

ಮೋನು: ನೋಡಿ, ಅವರಿಗೇ ಸಂಶಯ. ನಾನು ಕೂತು ಹೊಲಿದು, ಮತ್ತೆ ಮುಳುಗಿದರೆ ನನ್ನ ಕೆಲಸ ದಂಡ ಅಲ್ವಾ?

ಮಾಸ್ತರು: ಮುಳುಗುದಾದರೆ ಹೊಸ ಕೋಟಿನಲ್ಲೇ ಮುಳುಗ್ತೇನೆ. ನೀನು ಕೊಡು!

ಮೋನು: ಆ ಬಟ್ಟೆ ಒದ್ದೆಯಾದ್ರೆ ಕುಗ್ತದೆ. ಮತ್ತೆ ನನ್ನ ಹೊಲಿಗೆ ಸರಿ ಇಲ್ಲ ಅಂತ ಹೇಳ್ತೀರಿ.

ಮಾಸ್ತರು: ಕಳೆದ ಸಲ ಭಾವನ ಕೋಟು ಹಾಕ್ಕೊಂಡು ಹೋಗಿದ್ದೆ. ಬೆರಳು ಸಹ ಕಾಣ್ಲಿಲ್ಲ. ಹುಡುಗನಿಗೆ ಕೈ ಉಂಟಾ ಅಂತ ಆ ಮನೆಯ ಅಜ್ಜಿ ಕೇಳಿದ್ರು!

ಮೂವತ್ತಾರು ದಾಟಿದ ಮಾಸ್ತರರಿಗೆ ಅಳುವೇ ಬಂದಂತಾಯಿತು. ಮೋನು ನಗು ನುಂಗಿಕೊಂಡು ಕತ್ತರಿ ಎತ್ತಿದ.

ಮೋನು: ಬೇಜಾರ ಮಾಡ್ಬೇಡಿ. ನಿಮ್ಮ ಗ್ರಹಕ್ಕೆ ನಾನು ಹೆದರುದಿಲ್ಲ. ಲೋಕ ಮುಗಿಯುವ ಕಿಯಾಮತ್ ಯಾವ ದಿನ ಅಂತ ಯಾರಿಗೂ ಗೊತ್ತಿಲ್ಲ, ನಮ್ಮ ಮಸೀದಿಯ ಉಸ್ತಾದರು ಹೇಳಿದ್ದಾರೆ.

ಮಾಸ್ತರು: ನೀನು ಬಟ್ಟೆ ಕೊಡುವ ದಿನವೂ ಹಾಗೆಯೇ ಅಲ್ವಾ?

ಮೋನು: ಸೋಮವಾರ ಏಳು ಗಂಟೆಗೆ ಬನ್ನಿ. ಖಂಡಿತ.

ಆದಿತ್ಯವಾರ ಶಾಂತಿಹೋಮಗಳ ಹೊಗೆ ಬಿಟ್ಟರೆ ಬೇರೇನೂ ಏಳಲಿಲ್ಲ. ಸೋಮವಾರ ಬೆಳಿಗ್ಗೆ ಲೋಕ ಇದ್ದ ಹಾಗೆಯೇ ಇತ್ತು. ಕೋಟನ್ನು ಬಿಡಿಸಿ ನೋಡಿದ ಮಾಸ್ತರರು ಬೆಂಚಿನ ಮೇಲೆ ಕುಸಿದರು.

ಮಾಸ್ತರು: ಎಂತದು ಇದು? ಒಂದೇ ಕೈ?

ಮೋನು: ಊರಿಡೀ ಹೆದರಿಸುವಾಗ ನನಗೂ ಅರ್ಧ ನಂಬಿಕೆ ಬಂತು ಮಾಷ್ಟ್ರೇ. ಹಾಗೆ ಅರ್ಧ ಹೊಲಿದೆ.

ಹೊರಗೆ ಸುಳ್ಯದ ಬಸ್ಸು ಹಾರ್ನ್ ಹೊಡೆಯಿತು.

ಮೋನು: ಹೊಲಿದ ಕೈ ಹೊರಗೆ ಕಾಣುವ ಹಾಗೆ ಮಡಚಿ ತೋಳಿನ ಮೇಲೆ ಹಾಕ್ಕೊಳ್ಳಿ. ಕೇಳಿದ್ರೆ ಸೆಕೆ ಅಂತ ಹೇಳಿ. ಇನ್ನೊಂದು ಕೈ ಬರುವ ಗುರುವಾರ ಖಂಡಿತ!

ಕೋಟು ಕಸಿದುಕೊಂಡು ಓಡಿದ ಮಾಸ್ತರರು ಬಸ್ಸಿನ ಮೆಟ್ಟಿಲ ಮೇಲೆ ತಿರುಗಿ ನಿಂತರು.

ಮಾಸ್ತರು: ಲೋಕ ಯಾಕೆ ಮುಳುಗ್ಲಿಲ್ಲ ಅಂತ ಈಗ ಗೊತ್ತಾಯ್ತು ಮಾರಾಯ. ಪ್ರಳಯವನ್ನೂ ದೇವರು ನಿನ್ನ ಹತ್ತಿರವೇ ಹೊಲಿಯಲಿಕ್ಕೆ ಕೊಟ್ಟಿದ್ದಾನೆ!