ಕಮಿಟಿ ಕುಂತ ಗಾದಿ

ಎಲ್ಲಕ್ಕೂ ಕಾರಣ ಒಂದು ಹರಕು ಚಾಪೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರಿನ ಮದುಮಕ್ಕಳೆಲ್ಲ ಸವಣೂರಿನ ಬಾಬಾಜಾನ ಹೊಲಿದ ಗಾದಿಯ ಮೇಲೇ ಮಲಗುತ್ತಿದ್ದರು. ಬಾಬಾಜಾನ, ಹೆಂಡತಿ ಮರಿಯಮಬಿ, ಅನಾಥಾಶ್ರಮದಿಂದ ಸಾಕಲು ಕರೆತಂದ ನಸೀರಾ ಮಾತ್ರ ಚಾಪೆಯ ಮೇಲೆ.

ಇಂಥ ಮಕ್ಕಳು ಸಾಕುಮನೆಯಲ್ಲಿ ಹೇಗಿದ್ದಾರೆಂದು ನೋಡಲು ಸುತ್ತಲಿನ ಊರುಗಳ ಮಂದಿಯದೇ ಒಂದು ಕಮಿಟಿ ಇತ್ತು.

"ಬಾಬಾಜಾನಣ್ಣಾ, ಮಧ್ಯಾಹ್ನ ಕಮಿಟಿ ಬರತೈತಂತ!" ಎದುರುಮನೆಯ ತಿಪ್ಪವ್ವ ಓಡಿ ಬಂದಳು. "ಹಾನಗಲ್ಲ ಭಾಗೀರಥಿಬಾಯಾರು. ಹಾಸಿಗಿ ಸರಿ ಇಲ್ಲಂತ ಯಲವಿಗ್ಯಾಗ ಒಂದು ಕೂಸಿನ್ನ ಹೊಳ್ಳಿ ಒಯ್ದಾರ!"

ಬಾಬಾಜಾನನ ಎದೆ ಹಿಂಜಿದ ಹತ್ತಿಯಾಯಿತು. "ನಸೀರಾನ ಬಿಟ್ಟು ಹ್ಯಾಂಗಿರಲಿ ತಂಗೀ?"

"ನಾವ್ ಸತ್ತೇವೇನು?"

ಓಣಿಗೆ ಓಣಿಯೇ ಎದ್ದಿತು. ತಿಪ್ಪವ್ವ ಗಡಿಯಾರ ತಂದಳು. ಪಕ್ಕದ ಮಹಮ್ಮದಗೌಸ ಖುರ್ಚಿ ತಂದ. ಮಂಜವ್ವನ ಕಬ್ಬಿಣದ ಕಪಾಟು ಬಾಗಿಲಲ್ಲಿ ಸಿಕ್ಕಿಕೊಂಡು, ಮೊಂಡ ಎಮ್ಮೆಯಂತೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಉಳಿದದ್ದು ಹಾಸಿಗೆ. ಹಾನಗಲ್ಲಿನ ರಾಘಣ್ಣ ಎಂಬವರು ಮಗಳ ಮದುವೆಗೆಂದು ಹೊಲಿಯಲು ಹೇಳಿದ್ದ ಹೂವಿನ ಬಟ್ಟೆಯ ಗಾದಿ ಮೂಲೆಯಲ್ಲಿ ತಯಾರಿತ್ತು. ಬಾಬಾಜಾನ ಅಲ್ಲಾನ ಹೆಸರು ಹೇಳಿ ಅದನ್ನೇ ಹಾಸಿಬಿಟ್ಟ.

ಭಾಗೀರಥಿಬಾಯಿ ಕಪಾಟಿನ ಸಂದಿಯಿಂದ ಅಡ್ಡಡ್ಡ ನುಸುಳಿ ಬಂದರು. ಗಾದಿಯ ಮೇಲೆ ಕುಳಿತು ಬಟ್ಟೆ ಸವರಿದರು.

"ಇದರ ಮ್ಯಾಲೆ ನೀನ ಮಲಗ್ತೀ ಏನವಾ?"

"ಇಲ್ಲರಿ," ಎಂದಳು ನಸೀರಾ. "ಗಾದಿ ಗಿರಾಕೀದು. ಖುರ್ಚಿ ಗೌಸಚಾಚಾಂದು. ಗಡಿಯಾರ ತಿಪ್ಪವ್ವಾಯಿದು. ಕಪಾಟ..."

ಬಾಗಿಲಾಚೆ ಇಡೀ ಓಣಿ ಹಣೆ ಬಡಿದುಕೊಂಡಿತು.

"ಮತ್ತ ನಿಂದೇನದ ಇಲ್ಲೆ?"

ನಸೀರಾ ಬಾಬಾಜಾನನ ತೋಳು ಹಿಡಿದಳು. "ಇವರು. ಚಾಪಿ ಹರದ ಕಡೆ ತಾವ ಮಲಗತಾರರಿ."

ಭಾಗೀರಥಿಬಾಯಿ ಮೂಗು ಒರೆಸಿಕೊಂಡರು. "ಒಂದು ಕೂಸಿಗೆ ಇಷ್ಟು ಮಂದಿ ಸುಳ್ಳು ಹೇಳೋ ಓಣಿ ನಾ ಎಲ್ಲೂ ನೋಡಿಲ್ಲ. ಹುಡುಗಿ ಇಲ್ಲೇ ಇರ್ಲಿ. ಗಾದೀನೂ ಇಲ್ಲೇ ಇರ್ಲಿ."

"ಬಾಯಾರ, ಅದು ರಾಘಣ್ಣಾರದು..."

"ಗೊತ್ತದ. ಅವರು ನಮ್ಮನಿಯವರ. ಬಟ್ಟಿ ಆರಿಸಿದಾಕಿ ನಾನ! ನಮಗ ಇನ್ನೊಂದು ಹೊಲೀರಿ. ಇದರ ಮ್ಯಾಲೆ ಈಕಿ ಬಿಟ್ಟು ಬ್ಯಾರೆ ಯಾರರ ಮಲಗಿದ್ರ, ನೋಡ್ರಿ ಮತ್ತ!"

ಅವರನ್ನು ಬಸ್ಸಿಗೆ ಹತ್ತಿಸಿ ಬಾಬಾಜಾನ ನವಾಬನ ಹಾಗೆ ಎದೆಯುಬ್ಬಿಸಿ ಮರಳಿದ. ಖುರ್ಚಿ, ಗಡಿಯಾರ, ಕಪಾಟು ತಂತಮ್ಮ ಮನೆ ಸೇರಿದ್ದವು. ನಸೀರಾ ಗಾದಿಯ ಮೇಲೆ ಕುಣಿಯುತ್ತಿದ್ದಳು.

"ಚಾಪಿ ಎಲ್ಲಿ?"

"ಕಪಾಟಿನ ಬಣ್ಣ ಹೋಗಬಾರದಂತ ಮಂಜವ್ವ ಅದರಾಗ ಸುತ್ತಿಸಿ ಬಾಗಿಲದಾಗಿಂದ ಎಳಸಿದಳು," ಎಂದಳು ಮರಿಯಮಬಿ. "ಬಣ್ಣ ಹೋಗಲಿಲ್ಲ. ಚಾಪಿ ಹೋತು."

ನಾಲ್ಕು ತಾಲೂಕಿಗೆ ಗಾದಿ ಹೊಲಿಯುವ ಬಾಬಾಜಾನ ಬರೀ ನೆಲದ ಮೇಲೆ ಕಾಲು ಚಾಚಿ ಮೀಸೆ ತಿರುವಿದ.

"ಇರಲಿ ಬಿಡು. ಕಮಿಟಿ ಪಾಸ್ ಮಾಡಿದ ನೆಲ ಐತಿ, ಮಕಮಲ್ ಇದ್ದಂಗ ಐತಿ!"