ಅತ್ತೆಯ ಕಾರಿಗೆ ಒಂದು ತಂಬಿಗೆ ನೀರು

ನಮ್ಮ ಸೋದರತ್ತೆ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ಮನೆಮಂದಿಯ ಆರೋಗ್ಯವನ್ನಲ್ಲ, ಮನೆಯ ಕರೆಂಟಿನ ಅರ್ಥಿಂಗನ್ನು! "ಎಲ್ಲಾರೂ ಆರಾಮ ಅದೀರೇನ್ರಿ?" ಎನ್ನಬೇಕಾದ ಹೊಸ್ತಿಲಲ್ಲಿ ನಿಂತು, "ನಿಮ್ಮನಿ ಅರ್ಥಿಂಗ್ ಗುಂಡಿ ಯಾವ ಮೂಲ್ಯಾಗೈತ್ರಿ?" ಎನ್ನುತ್ತಾಳೆ. ಗುಂಡಿ ಸಿಕ್ಕಿತೋ, ಕಾಲು ತೊಳೆಯಲೆಂದು ಕೊಟ್ಟ ತಂಬಿಗೆ ನೀರನ್ನು ಅದಕ್ಕೆ ಸುರಿದು, ತಾನು ಧೂಳುಗಾಲಲ್ಲೇ ಒಳಗೆ ನಡೆಯುತ್ತಾಳೆ. ಇಂಥವಳನ್ನು ಏನೆಂದು ಕರೆಯಬೇಕು ಹೇಳಿ! ನಾನಂತೂ ಅತ್ತೆ ಎಂದು ಕರೆಯುತ್ತೇನೆ. ನನ್ನ ಅಪ್ಪನ ತಂಗಿ. ಗಂಡನ ತಾಯಿಯೂ ಅತ್ತೆಯೇ, ನಿಜ. ಆದರೆ ಅವರ ಮೇಲೆ ಪ್ರಬಂಧ ಬರೆಯುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.

ಎಲ್ಲಕ್ಕೂ ಮೂಲ ಆಕೆಯ ಕಾರು. ಕರೆಂಟಿನ ಕಾರು! ತೆಲುಗು ಸೀಮೆಯ ಆದೋನಿಯ ಹತ್ತಿ ವ್ಯಾಪಾರಿಯ ಹೆಂಡತಿ, ಅರವತ್ತು ದಾಟಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೀರಿಂಗ್ ಹಿಡಿದರೆ ಊರು ಸುಮ್ಮನಿರುತ್ತದೆಯೇ? ಅದರಲ್ಲೂ ಆಕೆಯ ಹಳೆಯ ಚರಿತ್ರೆ ಬಲ್ಲವರು ರಸ್ತೆ ಬಿಟ್ಟು ಕಟ್ಟೆ ಹತ್ತಿದರು. ಹಿಂದೊಮ್ಮೆ ಆಕೆಯ ಗಂಡ, ನಮ್ಮ ಮಾವ, ತಮ್ಮ ಪೆಟ್ರೋಲ್ ಕಾರಿನಲ್ಲಿ ಆಕೆಗೆ ಡ್ರೈವಿಂಗ್ ಕಲಿಸಲು ಹೋಗಿದ್ದರು. ಅತ್ತೆ ಕ್ಲಚ್ ಬಿಟ್ಟ ರಭಸಕ್ಕೆ ಕಾರು ನೆಗೆದು ಹತ್ತಿ ಮೂಟೆಗಳ ರಾಶಿಯೊಳಗೆ ಹೊಕ್ಕಿತು. ಹತ್ತಿ ವ್ಯಾಪಾರಿಯನ್ನು ಕಟ್ಟಿಕೊಂಡಿದ್ದರಿಂದ ಆಕೆಗಾದ ದೊಡ್ಡ ಲಾಭ ಅದೇ. ಕಲ್ಲು ಬಂಡೆಯ ವ್ಯಾಪಾರಿಗೆ ಕೊಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ!

"ನನ್ನ ತಪ್ಪೇನೈತಿ?" ಎಂದು ಅತ್ತೆ ಇಂದಿಗೂ ವಾದಿಸುತ್ತಾಳೆ. "ಪೆಡಲ್ ಮೂರು, ಕಾಲು ಎರಡು. ದೇವರು ಮಾಡಿದ್ದಕ್ಕೂ ಕಂಪನಿಯವರು ಮಾಡಿದ್ದಕ್ಕೂ ತಾಳ ಕೂಡಬೇಕೋ ಬ್ಯಾಡೋ?"

ಕರೆಂಟಿನ ಕಾರಿನಲ್ಲಿ ತಾಳ ಕೂಡಿತು. ಕ್ಲಚ್ಚಿಲ್ಲ, ಗೇರು ಬದಲಿಸುವ ರಗಳೆಯಿಲ್ಲ. ಓಡಿಸಲು ಒಂದು ಪೆಡಲು, ನಿಲ್ಲಿಸಲು ಒಂದು ಪೆಡಲು. ಅತ್ತೆ ಕಲಿತಳು, ಲೈಸೆನ್ಸ್ ತಂದಳು, ಆಮೇಲೆ ರಜೆಯ ದಿನ ಹತ್ತಿ ಮಾರ್ಕೆಟ್ಟಿನ ಖಾಲಿ ಅಂಗಳದಲ್ಲಿ ನನಗೂ ಕಲಿಸಿ ಲೈಸೆನ್ಸ್ ಕೊಡಿಸಿದಳು. ನಾನು ಆದೋನಿಗೇ ಸೊಸೆಯಾಗಿ ಬಂದವಳು, ಆಕೆಯ ಮನೆಯಿಂದ ಎರಡು ಓಣಿ ಆಚೆ ಇದ್ದೇನೆ. ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಕಾರು ಬಂದ ಹೊಸದರಲ್ಲಿ ಎಲ್ಲಿ ನಿಲ್ಲಿಸಿದರೂ ಜನ ಮುತ್ತುತ್ತಿದ್ದರು. "ಎಂತ ಇಸ್ತುಂದಮ್ಮಾ?" ಎಂದು ಒಬ್ಬ ತೆಲುಗಿನಲ್ಲಿ ಕೇಳಿದ. ಎಷ್ಟು ಕೊಡುತ್ತದೆ, ಅಂದರೆ ಮೈಲೇಜೆಷ್ಟು ಎಂದು. ಅತ್ತೆಗೆ ಕಿಲೋಮೀಟರಿನ ಲೆಕ್ಕ ಹಿಡಿಸುವುದಿಲ್ಲ. ಆಕೆಯ ಲೆಕ್ಕವೆಲ್ಲ ಬೀಗರ ಊರುಗಳದು. "ಪತ್ತಿಕೊಂಡ ಪೋಯಿ ವಸ್ತುಂದಪ್ಪಾ. ಏಸಿ ಹಾಕಿದ್ರ ಪೋತುಂದಿ, ರಾದು!" ಎಂದಳು. ಪತ್ತಿಕೊಂಡಕ್ಕೆ ಹೋಗಿ ಬರುತ್ತದೆ, ಏಸಿ ಹಾಕಿದರೆ ಹೋಗುತ್ತದೆ ಅಷ್ಟೇ, ಬರುವುದಿಲ್ಲ! ಆದ್ದರಿಂದ ನಮ್ಮ ಬಿಸಿಲಿನಲ್ಲೂ ಆಕೆಯ ಕಾರಿನಲ್ಲಿ ಏಸಿ ಎಂಬುದು ನೋಡುವುದಕ್ಕೆ ಮಾತ್ರ.

"ಎಂಜಿನ್ ಎಲ್ಲೈತ್ರಿ ಅಮ್ಮಾರೇ?" ಎಂದು ಇನ್ನೊಬ್ಬ ಕೇಳಿದರೆ ಪಾಠ ಶುರು.

"ಎಂಜಿನ್ ಇಲ್ಲಪ್ಪಾ. ಗಿರಣ್ಯಾಗ ಮೋಟಾರ್ ನೋಡೀಯಿಲ್ಲೋ? ಅದಕ್ಕ ಗಾಲಿ ಕಟ್ಟ್ಯಾರ ಅಂತ ತಿಳ್ಕೊ. ಸೀಟಿನ ಕೆಳಗ ಗಾದಿ ಹಾಸಿದಂಗ ಬ್ಯಾಟರಿ ಹಾಸ್ಯಾರ. ಬ್ಯಾಟರಿ ಕರೆಂಟ್ ಕೊಡ್ತೈತಿ, ಮೋಟಾರ್ ತಿರಗತೈತಿ, ಗಾಲಿ ಓಡತಾವ. ಹೊಗಿ ಇಲ್ಲ, ಗದ್ದಲ ಇಲ್ಲ. ಇನ್ನ ಕಾಲು ತೆಗದಿ ಅಂದ್ರ ಉಲ್ಟಾ. ಓಡೋ ಗಾಲಿನ ಮೋಟಾರ್‌ನ ತಿರಗಸತಾವ, ಸೈಕಲ್ಲಿನ ಡೈನಮೋ ಇದ್ದಂಗ. ಆವಾಗ ಹುಟ್ಟಿದ ಕರೆಂಟ್ ತಿರುಗಿ ಬ್ಯಾಟರಿಗೆ ಹೋಗತೈತಿ. ಇಸ್ಕೊಂಡಿದ್ದರಾಗ ಒಂದೀಟರ ವಾಪಸ್ ಕೊಡೋದು ನಮ್ಮ ಬಳಗದಾಗ ಈ ಕಾರ್ ಒಂದ!"

ಬಳಗದವರು ಯಾರಾದರೂ ಅಲ್ಲೇ ನಿಂತಿದ್ದರೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಮಾವನಿಗೂ ಬಿಡುಗಡೆಯಿಲ್ಲ. "ಮನೀ ಕರೆಂಟು ಹಿಂದ ಮುಂದ ಓಡಾಡತಿರತೈತಿ, ಬ್ಯಾಟರಿಗೆ ಒಂದ ದಿಕ್ಕಿನ ಕರೆಂಟು ಬೇಕು. ಅದನ್ನ ತಿದ್ದಾಕ ಕಾರಿನೊಳಗ ಒಂದು ಡಬ್ಬಿ ಇಟ್ಟಾರ ನೋಡು. ಅಂಥಾದ್ದೊಂದು ನಿಮ್ಮ ಮಾವಗೂ ಕೂಡಿಸಿದ್ರ ಎಷ್ಟು ಚಲೋ ಆಗ್ತಿತ್ತು!" ಎಂದು ನನಗೆ ಹೇಳುವಾಗ ಮಾವ ಎದುರಿಗೇ ಕುಳಿತು ಹತ್ತಿಯ ಧಾರಣೆ ನೋಡುತ್ತಿದ್ದರು. ಅವರು ನಕ್ಕು ಮತ್ತೆ ಧಾರಣೆಯೊಳಗೆ ಮುಳುಗಿದರು.

ಇಷ್ಟಕ್ಕೂ ಆಕೆ ಕಾರು ಕೊಂಡದ್ದೇಕೆ? ಅದಕ್ಕೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕೊಟ್ಟ ಹೆಣ್ಣುಮಗಳು ಪಂಚಮಿಗೆ ತವರಿಗೆ ತಾನಾಗಿ ಹೋಗುವಂತಿಲ್ಲ. ಅಲ್ಲಿಂದ ಯಾರಾದರೂ ಕರೆಯಲು ಬರಬೇಕು. ಅಣ್ಣನೋ ತಮ್ಮನೋ ಉಂಡಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು "ಕರಿಯಾಕ ಬಂದೀನಿ" ಎನ್ನಬೇಕು. ಆ ಮಾತು ಕೇಳಿಸದೆ ಹೋದವಳು ಅತಿಥಿ, ಕೇಳಿಸಿಕೊಂಡು ಹೋದವಳು ಮಗಳು. ಹುಚ್ಚು ಪದ್ಧತಿ ಅನ್ನಿ. ಆದರೆ ಕರೆಯಲು ಬರುವವರು ತಪ್ಪಿದ ವರ್ಷ ಬಾಗಿಲು ನೋಡುತ್ತ ಕೂತವರಿಗೆ ಅದು ಹುಚ್ಚು ಎನಿಸುವುದಿಲ್ಲ. ಅತ್ತೆಯ ತವರು ಮದ್ದಿಕೇರ. ನನ್ನದೂ ಅದೇ ಮನೆ. ಅಪ್ಪ ಇರುವವರೆಗೆ ಪಂಚಮಿಗೆ ಮುಂಚೆ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಉಂಡಿ ತುಂಬಿಕೊಂಡು ಬಸ್ಸಿನಲ್ಲಿ ಆದೋನಿಗೆ ಬರುತ್ತಿದ್ದ. ಮೊದಲು ತಂಗಿಯ ಬಾಗಿಲು, ಆಮೇಲೆ ಮಗಳ ಬಾಗಿಲು. ಅಪ್ಪ ತೀರಿಕೊಂಡ. ನನಗೆ ಅಣ್ಣತಮ್ಮಂದಿರಿಲ್ಲ. ಮದ್ದಿಕೇರದಲ್ಲಿ ಅವ್ವ ಹಿಟ್ಟಿನ ಗಿರಣಿ ನಡೆಸುತ್ತ ಗಟ್ಟಿಯಾಗಿಯೇ ಇದ್ದಾಳೆ, ಆದರೆ ಕರೆಯಲು ಬರುವ ಗಂಡಸರು ಆ ಮನೆಯಲ್ಲಿ ಉಳಿಯಲಿಲ್ಲ.

ಆ ವರ್ಷದ ಪಂಚಮಿ ನಾವಿಬ್ಬರೂ ಆದೋನಿಯಲ್ಲೇ ಕಳೆದೆವು. ಅದು ಮುಗಿದ ಮೇಲೆ ಅತ್ತೆ ಕಾರು ತಂದಳು. "ಕರಿಯಾಕ ಯಾರೂ ಇಲ್ಲದ ಹೆಣ್ಣುಮಕ್ಕಳನ್ನ ಇನ್ನ ಮ್ಯಾಲೆ ನಾ ಕರಿಯಾಕ ಹೋಗ್ತೀನಿ" ಎಂದಳು. ಬರೀ ಬಾಯಿಮಾತಲ್ಲ. ಇತ್ತ ಪತ್ತಿಕೊಂಡ, ಅತ್ತ ಮಾಧವರಂ, ಹೊಳೆ ದಾಟಿ ಕರ್ನಾಟಕದವರೆಗೂ ಬಳಗದ ಹುಡುಗಿಯರ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಳು. ಕಾರು ಚಾರ್ಜಾಗಲು ಗಂಟೆಗಟ್ಟಲೆ ಬೇಕು, ಹುಡುಗಿ ಸೀರೆ ಆರಿಸಿಕೊಳ್ಳಲೂ ಅಷ್ಟೇ ಬೇಕು. ಎರಡಕ್ಕೂ ಸರಿಹೋಯಿತು!

ಅರ್ಥಿಂಗ್ ಕಥೆ ಶುರುವಾದದ್ದೇ ಅಲ್ಲಿ. ಗೋಡೆಯ ದೊಡ್ಡ ಪ್ಲಗ್ಗಿಗೆ ವೈರು ಚುಚ್ಚಿದರೆ ಸಾಲದು, ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತದೆ. ಅತ್ತೆ ಅದನ್ನು ವಿವರಿಸುವ ರೀತಿ ನೋಡಿ. "ದಾರಿ ತಪ್ಪಿದ ಕರೆಂಟು ಮಂದಿ ಮೈಮ್ಯಾಲೆ ಹೋಗಬಾರದು. ಅದಕ್ಕ ಹೋಗಾಕ ಒಂದು ನೆಲಿ ಬೇಕು, ನಮಗ ತವರು ಇದ್ದಂಗ. ನೆಲಿ ಇಲ್ಲದ ಮನೀ ಕರೆಂಟು ನನ್ನ ಕಾರು ಮುಟ್ಟಂಗಿಲ್ಲ." ನಮ್ಮ ಒಣ ನೆಲದಲ್ಲಿ ಗುಂಡಿಗಳು ಒಣಗಿರುತ್ತವೆ. ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀರು ಸುರಿದರೆ, ಉಪ್ಪು ಇದ್ದಿಲು ಹಾಕಿದರೆ ಮತ್ತೆ ದಾರಿಗೆ ಬರುತ್ತದೆ. ಹಾಗಾಗಿ ಆಕೆಯ ಡಿಕ್ಕಿಯಲ್ಲಿ ಸದಾ ಕಲ್ಲುಪ್ಪು, ಇದ್ದಿಲು.

ಪತ್ತಿಕೊಂಡದಲ್ಲಿ ಇದೇ ಎಡವಟ್ಟಾಯಿತು! ಮುಂದಿನ ಪಂಚಮಿಗೆಂದು ಬಳಗದ ಹುಡುಗಿಯೊಬ್ಬಳನ್ನು ಕರೆಯಲು ಹೋದಾಗ ನಾನೂ ಜೊತೆಗಿದ್ದೆ. ಅತ್ತೆ ಕಾಲಿನ ನೀರು ಹಿಡಿದು ಹಿತ್ತಲಿಗೆ ಹೋಗಿ, ಗುಂಡಿಗೆ ಸುರಿದು, ಇದ್ದಿಲು ತುರುಕಿ, ಮೇಲೆ ಹಿಡಿಹಿಡಿ ಉಪ್ಪು ಚೆಲ್ಲುತ್ತಿದ್ದಳು. ಹುಡುಗಿಯ ಅತ್ತೆ ಕಿಟಕಿಯಿಂದ ನೋಡಿದರು. ಪರಊರಿನ ಹೆಂಗಸು, ನಡುಮಧ್ಯಾಹ್ನ, ಹಿತ್ತಲ ಮೂಲೆ, ಉಪ್ಪು, ಇದ್ದಿಲು!

"ಅಯ್ಯಯ್ಯೋ, ನಮ್ಮನಿಗೆ ಮಾಟ ಮಾಡಾಕ ಬಂದೀರೇನ್ರಿ!" ಎಂದು ಓಡಿಬಂದರು.

ನಮ್ಮತ್ತೆ ತಲೆಯೆತ್ತದೆ ಕೇಳಿದಳು. "ನಿಮ್ಮ ವಾಷಿಂಗ್ ಮಿಷನ್ ಮುಟ್ಟಿದ್ರ ಕೈ ಜುಂ ಅಂತೈತೇನ್ರಿ?"

ಆ ಹೆಂಗಸು ಗಾಬರಿಯಾಗಿ ನಿಂತರು. "ನಿಮಗ ಹೆಂಗ ಗೊತ್ತಾತ್ರಿ?"

"ಈಗ ಹೋಗಿ ಮುಟ್ರಿ."

ಮುಟ್ಟಿದರು. ಜುಂ ಇಲ್ಲ! ಕಾರಿಗೂ ಹಸಿರು ದೀಪ ಬಂತು. ಆಮೇಲಿನ ಉಪಚಾರ ಕೇಳಬೇಡಿ. ಹೋಳಿಗೆಯ ಮೇಲೆ ಹೋಳಿಗೆ ಬಡಿಸಲು ಬಂದರೆ ಅತ್ತೆ ಎಲೆಗೆ ಕೈ ಅಡ್ಡ ಇಟ್ಟಳು. "ಬ್ಯಾಟರೀನೂ ಎಂಬತ್ತಕ್ಕ ನಿಲ್ಲಸಬೇಕ್ರಿ, ಹೊಟ್ಟೀನೂ ಎಂಬತ್ತಕ್ಕ ನಿಲ್ಲಸಬೇಕು. ದಿನಾ ಪೂರ್ತಿ ತುಂಬಿದ್ರ ಎರಡೂ ಲಗೂನ ಕೆಡತಾವ." ಅಷ್ಟು ಹೇಳಿ ಕೈ ತೆಗೆದಳು. ಇನ್ನೂ ಎರಡು ಹೋಳಿಗೆ ಬಿದ್ದವು. ಎಂಬತ್ತು ಆಗಿರಲಿಲ್ಲವಂತೆ!

ಪಂಚಮಿ ಇನ್ನೇನು ಬಂತು. ಅತ್ತೆ ಡಬ್ಬಿ ಹಿಡಿದು ನನ್ನ ಬಾಗಿಲಲ್ಲೂ ನಿಂತಳು. "ಕರಿಯಾಕ ಬಂದೀನಿ. ನಡಿ." ಅಪ್ಪ ಹೋದ ಮೇಲೆ ಆ ಮಾತು ನನ್ನ ಬಾಗಿಲಲ್ಲಿ ಮತ್ತೆ ಕೇಳಿಸಿದ್ದು ಆಗಲೇ. ನಾನು ಅತ್ತೆನೆಂದು ಯಾರಿಗೂ ಹೇಳಬೇಡಿ.

ಮದ್ದಿಕೇರ ತಲುಪಿದೆವು. ನಾನಿಳಿದೆ. ಅತ್ತೆ ಇಳಿಯಲಿಲ್ಲ!

"ಬಾ ಅತ್ತಿ."

"ನಿನ್ನ ಕರಿಯಾಕ ನಾ ಬಂದಿದ್ದೆ. ನನ್ನ ಕರಿಯಾಕ ಯಾರು ಬಂದಿದ್ರು?"

ಅವ್ವ ಹೊರಗೆ ಬಂದು "ಏನು ಹುಚ್ಚಾಟ ಇದು, ಇಳಿ" ಎಂದು ಬೈದಳು. "ಬಾಗಲದಾಗ ಬಂದವರಿಗೆ ಬಾ ಅನ್ನೋದು ಕರಿಯೋದಲ್ಲ ವೈನಿ, ಅದು ಮರ್ಯಾದಿ" ಎಂದು ಅತ್ತಿಗೆಗೆ ಹೇಳಿದಳು ಅತ್ತೆ. ಕೊನೆಗೆ ಅವ್ವ ಕಿಟಕಿಯಿಂದಲೇ ಮಂಡಕ್ಕಿಯ ಉಗ್ಗಾಣಿ, ಮಿರ್ಚಿ ಬಜ್ಜಿ, ಚಹಾ ಕೊಟ್ಟಳು. ಅತ್ತೆ ಸ್ಟೀರಿಂಗ್ ಮೇಲೆ ತಟ್ಟೆ ಇಟ್ಟುಕೊಂಡು ಎಲ್ಲ ತಿಂದಳು. ತಿನ್ನುವುದಕ್ಕೆ ಪದ್ಧತಿಯ ಅಡ್ಡಿಯಿಲ್ಲವಂತೆ, ನೆಲಕ್ಕೆ ಕಾಲಿಡಬಾರದು ಅಷ್ಟೇ! ಹಿತ್ತಲಲ್ಲಿ ಬೋರಿನ ಮೋಟಾರಿಗೆಂದು ಅಪ್ಪ ತೋಡಿಸಿದ ಅರ್ಥಿಂಗ್ ಗುಂಡಿ ಇತ್ತು. ಚಾರ್ಜಾದರೂ ಹಾಕಿಕೋ ಎಂದರೆ, ಕರೆಯದ ಮನೆಯ ಕರೆಂಟೂ ಬೇಡವೆಂದಳು. ತಿರುಗಿ ಹೋಗುವಾಗ ಪತ್ತಿಕೊಂಡದಲ್ಲಿ ಅದೇ ಬೀಗರ ಹಿತ್ತಲಲ್ಲಿ ಅರ್ಧ ದಿನ ಕೂತು ಚಾರ್ಜ್ ಮಾಡಿಕೊಂಡು ಆದೋನಿ ಸೇರಿದಳು.

ಅದರ ಮುಂದಿನ ವರ್ಷವೂ ಅದೇ ನಾಟಕ. ಕಿಟಕಿ, ಉಗ್ಗಾಣಿ, ಚಹಾ. ಆದರೆ ಈ ಸಲ ಲೋಟ ವಾಪಸ್ ಕೊಡುವಾಗ ಆಕೆ ನಮ್ಮ ಮನೆಯ ತಲೆಬಾಗಿಲನ್ನು ನೋಡಿದ್ದನ್ನು ನಾನು ನೋಡಿಬಿಟ್ಟೆ. ಊರೆಲ್ಲ ತಿರುಗಿ ಎಲ್ಲರನ್ನೂ ಅವರವರ ಮನೆಗೆ ಮುಟ್ಟಿಸಿದವಳಿಗೆ ತನ್ನ ಮನೆಯ ಹೊಸ್ತಿಲು ಮಾತ್ರ ಕಾರಿನ ಕಿಟಕಿಯಷ್ಟು ದೂರದಲ್ಲಿ ಉಳಿದಿತ್ತು. ಕಾರು ಸದ್ದಿಲ್ಲದೆ ತಿರುವು ದಾಟಿತು.

ಪಂಚಮಿಗೆ ಇನ್ನೂ ಒಂದು ದಿನವಿತ್ತು. ಮರುದಿನ ಬೆಳಿಗ್ಗೆ ಅವ್ವ ಅಪ್ಪನ ಆ ಸ್ಟೀಲ್ ಡಬ್ಬಿ ತೆಗೆದು ಶೇಂಗಾ ಉಂಡಿ ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಮೊದಲ ಬಸ್ಸು ಹಿಡಿದು ಆದೋನಿಗೆ ಬಂದು ಅತ್ತೆಯ ಬಾಗಿಲಲ್ಲಿ ನಿಂತೆ.

"ಅತ್ತಿ, ಕರಿಯಾಕ ಬಂದೀನಿ."

ಆಕೆ ಡಬ್ಬಿಯನ್ನು ನೋಡಿದಳು. ಗುರುತು ಹತ್ತಿತು. ಆದರೂ ಬಿಟ್ಟುಕೊಡುವ ಪೈಕಿಯೇ? "ಹೆಣ್ಣುಮಕ್ಕಳು ಕರಿಯಾಕ ಬರೋದು ಎಲ್ಲೈತಿ?"

"ನೀ ಬರಲಿಲ್ಲೇನು ನನ್ನ ಕರಿಯಾಕ? ನೀ ಏನು ಗಂಡಸೇನು?"

ಮಾವ ಒಳಗಿನಿಂದಲೇ ಜೋರಾಗಿ ನಕ್ಕರು. ಅತ್ತೆ ವಾದ ಬಿಟ್ಟು ಡಬ್ಬಿ ಇಸಿದುಕೊಂಡಳು. ಆಕೆಯ ಇಡೀ ಆಯುಷ್ಯದಲ್ಲಿ ಇದೇ ಮೊದಲಿರಬೇಕು! "ಯಾತರಾಗ ಒಯ್ಯಾಕಿ?" ಎಂದಳು. "ನಿನ್ನ ಕಾರಿನಾಗ. ನಾ ನಡಸ್ತೀನಿ, ನೀ ಹಿಂದ ಕೂಡು" ಎಂದೆ. ಆಕೆ ಒಳಗೆ ಹೋಗಿ ಹೊಸ ಸೀರೆ ಉಟ್ಟುಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಲಗ್ನವಾದ ವರ್ಷ ಕೂತಂತೆ ಕೂತಳು.

ಊರು ದಾಟುವವರೆಗೆ ಒಂದೂ ಮಾತಿಲ್ಲ. "ಬ್ರೇಕ್ ಹಿಡಿ", "ಕುರಿ ಬಂದಾವ ನೋಡು" ಏನೂ ಇಲ್ಲ. ನನಗೆ ಭಯವೇ ಆಯಿತು. ಕನ್ನಡಿಯಲ್ಲಿ ನೋಡಿದರೆ ಹೊರಗಿನ ಹತ್ತಿ ಹೊಲಗಳನ್ನು ನೋಡುತ್ತಿದ್ದಳು. ಆಮೇಲೆ ಹೇಳಿದಳು, "ಏಸಿ ಹಾಕು."

"ಏಸಿ ಹಾಕಿದ್ರ ತಿರುಗಿ ಬರಾಕ ಚಾರ್ಜ್ ಸಾಲಂಗಿಲ್ಲಲ್ಲ ಅತ್ತಿ?"

"ತವರಿಗೆ ಹೊಂಟೀನಿ. ತಿರುಗಿ ಬರೋ ಲೆಕ್ಕ ಇವತ್ತ್ಯಾಕ? ಹಾಕು."

ಮನೆಯ ಮುಂದೆ ಅವ್ವ ತಂಬಿಗೆ ಹಿಡಿದು ನಿಂತಿದ್ದಳು. ಅತ್ತೆ ಇಳಿದಳು. ನೆಲದ ಮೇಲೆ ಕಾಲಿಟ್ಟಳು. ತಂಬಿಗೆ ಇಸಿದುಕೊಂಡವಳೇ, ಅಭ್ಯಾಸಬಲ ನೋಡಿ, ನೇರ ಹಿತ್ತಲ ಕಡೆಗೆ ಹೊರಟಳು! ಅವ್ವ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿಮ್ಮಣ್ಣನ ಗುಂಡಿಗೆ ಮುಂಜಾನೆನ ಕೊಡ ನೀರು ಹಾಕೀನಿ. ಇದು ನಿನ್ನ ಕಾಲಿಗೆ."

ಅತ್ತೆ ಅಲ್ಲೇ ನಿಂತು, ಸೀರೆ ಒಂದಿಷ್ಟು ಎತ್ತಿ ಹಿಡಿದು, ಕಾಲಿನ ಮೇಲೆ ನೀರು ಹಾಕಿಕೊಂಡಳು. ಮೊದಲು ಬಲಗಾಲು, ಆಮೇಲೆ ಎಡಗಾಲು. ಮುಖ ಮೇಲೆತ್ತಲಿಲ್ಲ. ಖಾಲಿ ತಂಬಿಗೆಯನ್ನು ಹಾಗೆಯೇ ಅವ್ವನ ಕಡೆಗೆ ಚಾಚಿದಳು.

"ಇನ್ನೊಂದು ತಂಬಿಗಿ ತಾ ವೈನಿ. ಭಾಳ ವರ್ಷದ ಧೂಳೈತಿ."